ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಸಂಜೆಯ ಪಾಠ ಏಕೆ ನಿಲ್ಲುತ್ತದೆ?

ಪ್ರಶ್ನೆ: ಊರಿನ ಹೊರವಲಯದಲ್ಲಿರುವ ನಮ್ಮ ಮನೆಗೆ ಇನ್ನೂ ಫೈಬರ್ ಕೇಬಲ್ ಬಂದಿಲ್ಲ. ಎರಡು ವರ್ಷಗಳಿಂದ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡೇ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಪಾಠ ಹೇಳುತ್ತಿದ್ದೇನೆ. ಸಿಗ್ನಲ್ ಕಡ್ಡಿಗಳು ಯಾವಾಗಲೂ ಪೂರ್ತಿ ಇರುತ್ತವೆ. ಬೆಳಿಗ್ಗೆ ಆರಕ್ಕೆ ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 55 ಎಂಬಿಪಿಎಸ್ ತೋರಿಸುತ್ತದೆ. ಸಂಜೆ ಏಳಕ್ಕೆ ಅದೇ ಜಾಗದಲ್ಲಿ ಕುಳಿತು ನೋಡಿದರೆ ಡೌನ್‌ಲೋಡ್ 6, ಅಪ್‌ಲೋಡ್ ಒಂದಕ್ಕಿಂತಲೂ ಕಡಿಮೆ. ‘ಸರ್, ನಿಮ್ಮ ಧ್ವನಿ ಕಟ್ ಆಗ್ತಿದೆ’ ಎಂದು ಮಕ್ಕಳು ಹೇಳುತ್ತಾರೆ, ಆದರೆ ಅವರ ಮಾತು ನನಗೆ ಸರಿಯಾಗಿಯೇ ಕೇಳಿಸುತ್ತದೆ. ಮಗ 5ಜಿ ಫೋನ್ ತಗೊಳ್ಳಿ ಎನ್ನುತ್ತಾನೆ, ಒಬ್ಬರು ಸಿಗ್ನಲ್ ಬೂಸ್ಟರ್ ಹಾಕಿಸಿ ಎಂದರು, ಇನ್ನೊಬ್ಬರು ನಾಲ್ಕು ಕಿಲೋಮೀಟರ್ ದೂರದಿಂದ ರೇಡಿಯೊ ಲಿಂಕ್ ಕೊಡುತ್ತೇವೆ ಎಂದಿದ್ದಾರೆ, ಸ್ನೇಹಿತರೊಬ್ಬರು ಉಪಗ್ರಹದ ಇಂಟರ್‌ನೆಟ್ ಹಾಕಿಸಿಕೊಂಡಿದ್ದಾರೆ. ಮೊಬೈಲ್ ಡೇಟಾಕ್ಕಿಂತ ವೈಫೈ ಒಳ್ಳೆಯದು ಎಂದೂ ಕೇಳಿದ್ದೇನೆ. ಇವುಗಳಲ್ಲಿ ಯಾವುದು ಸರಿ? ಮನೆಯ ಗೇಟಿಗೆ ಹಾಕಿದ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ಆಗುತ್ತಿಲ್ಲ, ಅದಕ್ಕೂ ಇದೇ ಕಾರಣವೇ?

ಉತ್ತರ: ನಿಮ್ಮ ಪತ್ರದ ಅತಿ ಮುಖ್ಯವಾದ ವಾಕ್ಯ ಸ್ಪೀಡ್ ಟೆಸ್ಟಿನ ಅಂಕಿಗಳದ್ದಲ್ಲ, ಮಕ್ಕಳ ಮಾತಿನದ್ದು. ಅವರ ಧ್ವನಿ ನಿಮಗೆ ಕೇಳಿಸುತ್ತದೆ, ನಿಮ್ಮ ಧ್ವನಿ ಅವರಿಗೆ ತಲುಪುವುದಿಲ್ಲ ಎಂದರೆ ತೊಂದರೆ ಇರುವುದು ನಿಮ್ಮ ಮನೆಯಿಂದ ಹೊರಗೆ ಹೋಗುವ ದಾರಿಯಲ್ಲಿ, ಅಂದರೆ ಅಪ್‌ಲೋಡ್‌ನಲ್ಲಿ. ವಿಡಿಯೊ ಪಾಠಕ್ಕೆ 55 ಎಂಬಿಪಿಎಸ್ ಬೇಕಾಗಿಯೇ ಇಲ್ಲ. ಎರಡೂ ದಿಕ್ಕಿನಲ್ಲಿ ಒಂದೂವರೆ ಎರಡು ಎಂಬಿಪಿಎಸ್ ತಡೆಯಿಲ್ಲದೆ ಸಿಕ್ಕರೆ ಸಾಕು. ಹಾಗಾಗಿ ‘ಯಾವುದು ಹೆಚ್ಚು ವೇಗ’ ಎಂದು ಕೇಳುವುದನ್ನು ಬಿಟ್ಟು, ಸಂಜೆ ಏಳು ಗಂಟೆಗೆ ನಿಮ್ಮ ಮನೆಯಿಂದ ಹೊರಡುವ ಎರಡು ಎಂಬಿಪಿಎಸ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಹುಡುಕೋಣ. ಮೊಬೈಲ್ ಜಾಲಗಳ ರೇಡಿಯೊ ಯೋಜನೆಯಲ್ಲಿ ಅನೇಕ ವರ್ಷ ಕೆಲಸ ಮಾಡಿದ ನನಗೆ, ಹೊಸ ಸಾಧನ ಕೊಂಡ ಮೇಲೆ ಈ ಹುಡುಕಾಟ ಶುರು ಮಾಡಿದವರೇ ಹೆಚ್ಚಾಗಿ ಸಿಕ್ಕಿದ್ದಾರೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ವೈಫೈ ಮತ್ತು ಮೊಬೈಲ್ ಡೇಟಾ ಒಂದಕ್ಕೊಂದು ಬದಲಿಯಲ್ಲ. ವೈಫೈ ಎಂಬುದು ಇಂಟರ್‌ನೆಟ್ ಅಲ್ಲವೇ ಅಲ್ಲ, ಅದು ಮನೆಯೊಳಗಿನ ಕೊನೆಯ ಹತ್ತಿಪ್ಪತ್ತು ಮೀಟರ್ ದಾರಿ ಮಾತ್ರ. ನೀವು ಹಾಟ್‌ಸ್ಪಾಟ್ ಹಾಕಿದಾಗ ಎರಡನ್ನೂ ಒಟ್ಟಿಗೆ ಬಳಸುತ್ತಿರುತ್ತೀರಿ: ಲ್ಯಾಪ್‌ಟಾಪಿನಿಂದ ಫೋನಿನವರೆಗೆ ವೈಫೈ, ಫೋನಿನಿಂದ ಟವರ್‌ವರೆಗೆ ಮೊಬೈಲ್ ಜಾಲ. ‘ವೈಫೈ ಒಳ್ಳೆಯದು’ ಎನ್ನುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಆ ವೈಫೈ ಹಿಂದೆ ಗೋಡೆಯೊಳಗೆ ಕಾಣದಂತೆ ಬಂದಿರುವ ಫೈಬರ್. ನಿಮ್ಮ ಮನೆಯಲ್ಲಿ ಆ ಫೈಬರ್ ಇಲ್ಲ, ಆದ್ದರಿಂದ ಆ ಮಾತು ನಿಮಗೆ ಅನ್ವಯಿಸುವುದಿಲ್ಲ.

ಆದರೂ ವೈಫೈ ನಿರಪರಾಧಿ ಎಂದು ಈಗಲೇ ಬಿಟ್ಟುಬಿಡಲಾಗದು. 1997ರಲ್ಲಿ ಅದರ ಮೊದಲ ಮಾನದಂಡ ಬಂದಾಗ ಗರಿಷ್ಠ ವೇಗ 2 ಎಂಬಿಪಿಎಸ್ ಇತ್ತು. ವೇಗ ಅಲ್ಲಿಂದ ನೂರಾರು ಪಟ್ಟು ಏರಿದೆ, ಮೂಲ ಶಿಸ್ತು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ವೈಫೈ ಸಾಧನ ಮೊದಲು ಕಿವಿಗೊಟ್ಟು ಕೇಳುತ್ತದೆ, ಗಾಳಿಯಲ್ಲಿ ಬೇರೆಯವರ ಮಾತು ಇಲ್ಲವೆಂದಾದರೆ ಮಾತ್ರ ತಾನು ಮಾತನಾಡುತ್ತದೆ. ಅದು ಬಳಸುವ ತರಂಗಗುಚ್ಛಕ್ಕೆ ಲೈಸೆನ್ಸ್ ಬೇಡವಾದ್ದರಿಂದ ನೆರೆಯ ಮನೆಯ ರೂಟರ್, ಬ್ಲೂಟೂತ್ ಹೆಡ್‌ಸೆಟ್, ಅಡುಗೆಮನೆಯ ಮೈಕ್ರೊವೇವ್ ಓವನ್ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲಿ ಅದೇ ಜಾಗಕ್ಕೆ ನುಗ್ಗುತ್ತವೆ. ಆ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಪರೀಕ್ಷೆ ಬಹಳ ಸುಲಭ: ಒಂದು ಸಂಜೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಟೆಥರಿಂಗ್ (ಫೋನಿನ ಇಂಟರ್‌ನೆಟ್ ಅನ್ನು ಕೇಬಲ್ ಮೂಲಕ ಹಂಚುವ ಆಯ್ಕೆ) ಆನ್ ಮಾಡಿ ಪಾಠ ನಡೆಸಿ. ಧ್ವನಿ ಸರಿಹೋದರೆ ತಪ್ಪು ವೈಫೈಯದ್ದು, ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಕೆಲಸ ಮುಗಿಯುತ್ತದೆ. ಸರಿಹೋಗದಿದ್ದರೆ ಮುಂದೆ ಓದಿ. ನೀವು ಕೊಟ್ಟ ಬೆಳಿಗ್ಗೆ–ಸಂಜೆಯ ವ್ಯತ್ಯಾಸವನ್ನು ನೋಡಿದರೆ ಸರಿಹೋಗಲಾರದು ಎಂದೇ ನನಗೆ ತೋರುತ್ತದೆ.

ಈಗ ಕಡ್ಡಿಗಳ ವಿಷಯ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದಕ್ಕೆ ಎಲ್ಲ ಫೋನುಗಳಿಗೂ ಒಪ್ಪಿತವಾದ ಒಂದೇ ಅಳತೆ ಇಲ್ಲ, ತಯಾರಕರು ತಮಗೆ ಬೇಕಾದಂತೆ ಗೆರೆ ಎಳೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕಡ್ಡಿ ಅಳೆಯುವುದು ಮುಖ್ಯವಾಗಿ ಟವರಿನಿಂದ ಬರುವ ಗುರುತಿನ ಸಂಕೇತ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು. ಟವರಿನ ಕೆಳಗೆ ಹತ್ತು ಜನ ಇರಲಿ, ಸಾವಿರ ಜನ ಇರಲಿ, 4ಜಿಯಲ್ಲಿ ಆ ಗುರುತಿನ ಸಂಕೇತ ಅದೇ ಬಲದಲ್ಲಿ ಹೊರಡುತ್ತಲೇ ಇರುತ್ತದೆ. ಆದ್ದರಿಂದ ಜನ ಕಿಕ್ಕಿರಿದಿರುವುದು ಕಡ್ಡಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆಯೂ ಸಂಜೆಯೂ ಕಡ್ಡಿ ಪೂರ್ತಿ ಇದ್ದು ವೇಗ ಮಾತ್ರ ಒಂಬತ್ತನೇ ಒಂದು ಭಾಗಕ್ಕೆ ಇಳಿಯುವುದರಲ್ಲಿ ಯಾವ ವಿರೋಧವೂ ಇಲ್ಲ.

ಸಂಜೆ ಆಗುವುದೇನು? ಒಂದು ಟವರ್ ಸಾಮಾನ್ಯವಾಗಿ ಸುತ್ತಲಿನ ಪ್ರದೇಶವನ್ನು ಮೂರು ಹೋಳಾಗಿ ಹಂಚಿಕೊಂಡಿರುತ್ತದೆ. ಒಂದು ಹೋಳಿನಲ್ಲಿ 20 ಮೆಗಾಹರ್ಟ್ಸ್ ಅಗಲದ 4ಜಿ ವಾಹಕ, ಅಂದರೆ ಡೇಟಾ ಹೊರುವ ಒಂದು ತರಂಗದಾರಿ, ಇದೆ ಎಂದುಕೊಳ್ಳಿ. ಅದು ನೂರು ಸಣ್ಣ ತುಂಡುಗಳಾಗಿ ಒಡೆದಿರುತ್ತದೆ, ಪ್ರತಿ ಮಿಲಿಸೆಕೆಂಡಿಗೊಮ್ಮೆ ಟವರ್ ಆ ನೂರು ತುಂಡುಗಳನ್ನು ಆಗ ಡೇಟಾ ಕೇಳುತ್ತಿರುವವರಿಗೆ ಹಂಚುತ್ತದೆ. ಎರಡು ಆಂಟೆನಾಗಳ ಸಾಮಾನ್ಯ ವ್ಯವಸ್ಥೆಯಲ್ಲಿ ಇದರ ಗರಿಷ್ಠ ಡೌನ್‌ಲೋಡ್ ವೇಗ ಸುಮಾರು 150 ಎಂಬಿಪಿಎಸ್. ಆದರೆ ಅದು ಟವರಿನ ಎದುರಿಗೇ ಒಬ್ಬನೇ ಕುಳಿತವನಿಗೆ ಸಿಗುವ ಅಂಕಿ. ದೂರದಲ್ಲಿ ಅಥವಾ ದಪ್ಪ ಗೋಡೆಯ ಹಿಂದೆ ಇರುವವನಿಗೆ ಅಷ್ಟೇ ಮಾಹಿತಿ ಕಳಿಸಲು ಹಲವು ಪಟ್ಟು ಹೆಚ್ಚು ತುಂಡುಗಳು ಖರ್ಚಾಗುತ್ತವೆ, ಹಾಗಾಗಿ ಹೋಳಿನ ಅಂಚಿನಲ್ಲಿ ಒಬ್ಬ ಸಿನಿಮಾ ನೋಡಲು ಕುಳಿತರೆ ಅದರ ಭಾರ ಉಳಿದ ಎಲ್ಲರ ಮೇಲೂ ಬೀಳುತ್ತದೆ. ಎಲ್ಲರೂ ಮನೆಗೆ ಬಂದು ಫೋನ್ ಹಿಡಿಯುವ ಹೊತ್ತಿಗೇ ನಿಮ್ಮ ಪಾಠ ಶುರುವಾಗುತ್ತದೆ.

ಇದು ಡೌನ್‌ಲೋಡ್ ಕತೆ. ಅಪ್‌ಲೋಡ್ ಇನ್ನೂ ಕಷ್ಟದ್ದು, ನಿಮ್ಮ ತೊಂದರೆಯ ಬೇರು ಇರುವುದೂ ಅಲ್ಲೇ. ಟವರ್ ಹತ್ತಾರು ವಾಟ್ ಶಕ್ತಿಯಿಂದ ಕೂಗುತ್ತದೆ, ಫೋನಿಗೆ ಇರುವುದು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವಾಟ್. ಕೂಗು ನಿಮಗೆ ಚೆನ್ನಾಗಿ ಕೇಳಿಸುತ್ತದೆ, ಅದನ್ನೇ ಕಡ್ಡಿಗಳು ತೋರಿಸುತ್ತವೆ. ನಿಮ್ಮ ಪಿಸುಮಾತು ಅಲ್ಲಿಗೆ ಕೇಳಿಸುತ್ತಿದೆಯೇ ಎಂಬುದನ್ನು ಯಾವ ಕಡ್ಡಿಯೂ ಹೇಳುವುದಿಲ್ಲ. ಸುತ್ತ ನೂರಾರು ಫೋನುಗಳು ಒಟ್ಟಿಗೆ ಪಿಸುಗುಡುವಾಗ ಟವರಿನ ಕಿವಿಯಲ್ಲಿ ಗದ್ದಲ ಏರುತ್ತದೆ, ದುರ್ಬಲ ಧ್ವನಿಗಳು ಮೊದಲು ಮುಳುಗುತ್ತವೆ. ಫೋನನ್ನು ಮೇಜಿನ ಮೇಲೆ, ಕಾಂಕ್ರೀಟ್ ಗೋಡೆಗೆ ಒತ್ತಿ, ಲ್ಯಾಪ್‌ಟಾಪಿನ ಮರೆಯಲ್ಲಿ ಇಟ್ಟುಕೊಂಡಿದ್ದರೆ ನೀವು ಮೊದಲೇ ಇದ್ದ ಪಿಸುಮಾತಿಗೆ ಬಾಯಿಗೆ ಬಟ್ಟೆ ಕಟ್ಟಿದಂತೆ.

ಇನ್ನೊಂದು ಸಾಧ್ಯತೆಯನ್ನೂ ನೋಡಿಬಿಡಿ. ಒಮ್ಮೆ ಒಂದು ಮನೆಯಿಂದ ಇಂಥದ್ದೇ ದೂರು ಬಂದಿತ್ತು: ದಿನವೂ ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಕರೆ ಕತ್ತರಿಸಿಹೋಗುತ್ತದೆ. ಟವರಿನ ಲೆಕ್ಕಗಳನ್ನೆಲ್ಲ ತೆಗೆದು ನೋಡಿದೆ, ಆ ಹೊತ್ತಿನಲ್ಲಿ ಅಂಥ ಒತ್ತಡವೇನೂ ಇರಲಿಲ್ಲ. ಕೊನೆಗೆ ಮನೆಗೇ ಹೋಗಿ ಕುಳಿತೆ. ಆರೂವರೆಗೆ ಮನೆಯ ಮಗಳು ಕೆಲಸದಿಂದ ಬಂದು, ಫೋನನ್ನು ಚಾರ್ಜಿಗೆ ಹಾಕಿ, ಮುಖ ತೊಳೆಯಲು ಹೋದರು. ಫೋನು ಮನೆಯ ರೂಟರಿಗೆ ತಾನೇ ಸೇರಿಕೊಂಡು, ದಿನವಿಡೀ ತೆಗೆದ ಫೋಟೊ ಮತ್ತು ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ತೊಡಗಿತು. ಅಪ್‌ಲೋಡ್ ದಾರಿ ತುಂಬಿತು, ರೂಟರಿನ ಸಾಲಿನಲ್ಲಿ ಕರೆಯ ಧ್ವನಿ ಫೋಟೊಗಳ ಹಿಂದೆ ನಿಂತು ಕಾಯುತ್ತಿತ್ತು. 40 ಮಿಲಿಸೆಕೆಂಡ್ ಇದ್ದ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ನನ್ನ ಕಣ್ಣೆದುರಿಗೇ 1,200 ದಾಟಿತು. ಚಾರ್ಜಿಗೆ ಹಾಕಿದ ಆ ಒಂದು ಫೋನನ್ನು ತೆಗೆದೊಡನೆ ಎಲ್ಲವೂ ಸರಿಹೋಯಿತು. ನಿಮ್ಮ ಹಾಟ್‌ಸ್ಪಾಟಿಗೆ ಸೇರಿರುವ ಸಾಧನಗಳನ್ನು ಪಾಠಕ್ಕೆ ಮೊದಲು ಒಮ್ಮೆ ಎಣಿಸಿ. ಗೇಟಿನ ಕ್ಯಾಮೆರಾ ತನ್ನ ವಿಡಿಯೊವನ್ನು ಕ್ಲೌಡಿಗೆ ಕಳಿಸುವಂಥದ್ದಾದರೆ, ನಿಮಗೆ ಸಂಜೆ ಸಿಗುವ ಒಂದಕ್ಕಿಂತ ಕಡಿಮೆ ಎಂಬಿಪಿಎಸ್ ಅಪ್‌ಲೋಡನ್ನು ಅದೊಂದೇ ನುಂಗಿಹಾಕಬಲ್ಲದು.

ಇನ್ನು ನಿಮ್ಮ ಮುಂದಿರುವ ಆಯ್ಕೆಗಳು. ಬೂಸ್ಟರನ್ನು ಮೊದಲು ಪಟ್ಟಿಯಿಂದ ಹೊಡೆದುಹಾಕಿ. ಅದು ಸಿಗ್ನಲ್ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಒಳಗಿನ ಮತ್ತು ಹೊರಗಿನ ಆಂಟೆನಾಗಳ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಸಭೆಯ ಮೈಕ್ ಕಿರುಚುವಂತೆ ಅದೂ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಕಿರುಚುತ್ತದೆ, ಆ ಕಿರುಚಾಟ ಟವರಿನ ಇಡೀ ಹೋಳನ್ನು ಕೆಡಿಸುತ್ತದೆ. ಇಂಥ ಒಂದು ಪೆಟ್ಟಿಗೆಯನ್ನು ಹುಡುಕಿಕೊಂಡು ಆಂಟೆನಾ ಹಿಡಿದು ಮನೆಮನೆ ತಿರುಗಿದ ದಿನಗಳು ನನಗೆ ನೆನಪಿವೆ. ಅನೇಕ ದೇಶಗಳಲ್ಲಿ ಅನುಮತಿಯಿಲ್ಲದೆ ಬೂಸ್ಟರ್ ಹಾಕುವುದು ಕಾನೂನುಬಾಹಿರ. ಅದೆಲ್ಲ ಇರಲಿ, ನಿಮ್ಮಲ್ಲಿ ಬರುವ ಸಿಗ್ನಲ್ ದುರ್ಬಲವಾಗಿಯೇ ಇಲ್ಲವಲ್ಲ.

5ಜಿ ಫೋನು ಕೊಂಡರೆ? ಲಾಭ ಆಗುವುದು 5ಜಿ ನಿಮ್ಮ ಟವರಿನಲ್ಲಿ ಯಾವ ತರಂಗಪಟ್ಟಿಯಲ್ಲಿ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. 700 ಮೆಗಾಹರ್ಟ್ಸ್‌ನಂಥ ಕೆಳಪಟ್ಟಿಯಲ್ಲಿ ಬಂದರೆ ಗೋಡೆ ದಾಟಿ ಒಳಗೆ ಬರುತ್ತದೆ, ದೂರವೂ ಹೋಗುತ್ತದೆ, ಆದರೆ ಅಗಲ ಕಡಿಮೆಯಾದ್ದರಿಂದ ವೇಗದಲ್ಲಿ 4ಜಿಗಿಂತ ಬಹಳ ಮುಂದೇನೂ ಇರುವುದಿಲ್ಲ. 3.5 ಗಿಗಾಹರ್ಟ್ಸ್‌ನ ನಡುಪಟ್ಟಿಯಲ್ಲಿ ಒಂದು ವಾಹಕ 100 ಮೆಗಾಹರ್ಟ್ಸ್‌ವರೆಗೂ ಅಗಲವಿರಬಹುದು, ಅಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಗೋಡೆ ದಾಟುವ ಶಕ್ತಿ ಮಾತ್ರ ಕಡಿಮೆ. ನಡುಪಟ್ಟಿಯಲ್ಲಿ ಅಪ್‌ಲೋಡ್ ಮತ್ತು ಡೌನ್‌ಲೋಡ್ ಒಂದೇ ದಾರಿಯನ್ನು ಸರದಿಯ ಮೇಲೆ ಬಳಸುತ್ತವೆ, ಆ ಸಮಯದ ಹೆಚ್ಚಿನ ಪಾಲು ಡೌನ್‌ಲೋಡ್‌ಗೆ ಮೀಸಲು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. 26 ಅಥವಾ 28 ಗಿಗಾಹರ್ಟ್ಸ್‌ನ ಮೇಲ್ಪಟ್ಟಿಯ ವೇಗ ಬೆರಗಾಗಿಸುವಂಥದ್ದು, ಆದರೆ ಮರದ ಎಲೆಗಳೂ ಅದನ್ನು ತಡೆಯುತ್ತವೆ, ಊರ ಹೊರಗಿನ ಮನೆಗೆ ಅದು ಬರುವುದು ಅಪರೂಪ. ಇಷ್ಟೆಲ್ಲ ಹೇಳಿಯೂ ಒಂದು ಮಾತನ್ನು ಸೇರಿಸಬೇಕು: ಸುತ್ತಲಿನ ಬಹಳಷ್ಟು ಜನ ಇನ್ನೂ 4ಜಿಯಲ್ಲಿದ್ದರೆ 5ಜಿ ವಾಹಕ ಸದ್ಯಕ್ಕೆ ಖಾಲಿ ಇರುತ್ತದೆ, ಆ ಖಾಲಿತನವೇ ನಿಮಗೆ ಲಾಭ. ಎಲ್ಲರೂ ಅಲ್ಲಿಗೆ ಬಂದ ಮೇಲೆ ಆ ಲಾಭ ಕರಗುತ್ತದೆ. ಕೊಳ್ಳುವ ಮೊದಲು ಯಾರದ್ದಾದರೂ 5ಜಿ ಫೋನನ್ನು ಸಂಜೆ ಏಳಕ್ಕೆ ನಿಮ್ಮ ಮನೆಯಲ್ಲಿಟ್ಟು ಅಪ್‌ಲೋಡ್ ಅಳೆದು ನೋಡಿ.

ನನ್ನ ಮೊದಲ ಸಲಹೆ ಫೋನನ್ನು ಬದಲಿಸುವುದಲ್ಲ, ರೇಡಿಯೊವನ್ನು ಮನೆಯಿಂದ ಹೊರಗೆ ಕಳಿಸುವುದು. ಸಿಮ್ ಹಾಕುವ ಹೊರಾಂಗಣ ರೂಟರುಗಳು ಸಿಗುತ್ತವೆ. ಅವುಗಳಲ್ಲಿ ಆಂಟೆನಾ ಮತ್ತು ರೇಡಿಯೊ ಒಂದೇ ಪೆಟ್ಟಿಗೆಯಲ್ಲಿದ್ದು, ಚಾವಣಿಯ ಮೇಲೆ ಕಂಬಕ್ಕೆ ಕಟ್ಟಿ, ಒಂದು ಈಥರ್‌ನೆಟ್ ಕೇಬಲ್ ಮಾತ್ರ ಒಳಗೆ ತರಬಹುದು. ಆ ಕೇಬಲ್ 100 ಮೀಟರ್‌ವರೆಗೆ ಇದ್ದರೂ ಅಡ್ಡಿಯಿಲ್ಲ, ವಿದ್ಯುತ್ತೂ ಅದರಲ್ಲೇ ಹೋಗುತ್ತದೆ. ರೂಟರನ್ನು ಒಳಗಿಟ್ಟು ಆಂಟೆನಾವನ್ನಷ್ಟೇ ಮೇಲೆ ಹಾಕಿ ಉದ್ದನೆಯ ತೆಳು ಕೋಆಕ್ಸಿಯಲ್ ವೈರ್ (ಟಿವಿ ಕೇಬಲ್ಲಿನಂಥದ್ದು) ಎಳೆದರೆ, ಆಂಟೆನಾದಲ್ಲಿ ಗಳಿಸಿದ್ದನ್ನು ವೈರಿನಲ್ಲೇ ಕಳೆದುಕೊಳ್ಳುತ್ತೀರಿ, ಆ ತಪ್ಪನ್ನು ಮಾಡಬೇಡಿ. ಒಂದು ಮನೆಯಲ್ಲಿ ಕೋಣೆಯೊಳಗಿನ ಅಲಮಾರಿನ ಮೇಲಿದ್ದ ರೂಟರ್ ಮೈನಸ್ 108 ಡಿಬಿಎಂ ಸಿಗ್ನಲ್ ತೋರಿಸುತ್ತಿತ್ತು. ಅದನ್ನೇ ಚಾವಣಿಗೆ ಒಯ್ದು ಟವರಿನ ಕಡೆ ತಿರುಗಿಸಿದಾಗ ಮೈನಸ್ 92 ಆಯಿತು (ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು). ಹದಿನಾರು ಡೆಸಿಬೆಲ್ ಅಂದರೆ ಸುಮಾರು ನಲವತ್ತು ಪಟ್ಟು ಶಕ್ತಿ. ಹೋಗುವಾಗಲೂ ಬರುವಾಗಲೂ ದಾಟಬೇಕಾದ ಗೋಡೆ ಒಂದೇ ಆದ್ದರಿಂದ ಈ ಲಾಭ ಅಪ್‌ಲೋಡ್‌ಗೂ ಸಿಗುತ್ತದೆ. ಟವರಿಗೆ ನಿಮ್ಮ ಧ್ವನಿ ಸ್ಪಷ್ಟವಾದರೆ, ಸಂಜೆಯ ದಟ್ಟಣೆಯಲ್ಲಿ ನಿಮ್ಮ ಪಾಲಿಗೆ ಬರುವ ತುಂಡುಗಳು ಎಷ್ಟೇ ಕಡಿಮೆಯಿದ್ದರೂ ಒಂದೊಂದು ತುಂಡಿನಲ್ಲಿ ಹೆಚ್ಚು ಮಾಹಿತಿ ತುಂಬುತ್ತದೆ. ಜಾಗ ಗೊತ್ತುಮಾಡುವಾಗ ರೂಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಎಂಬ ಎರಡು ಅಂಕಿಗಳನ್ನು ನೋಡಿ. ಮೊದಲನೆಯದು ಸದ್ದಿನ ಬಲ, ಎರಡನೆಯದು ಸದ್ದು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು. ಎರಡನೆಯದೇ ಮುಖ್ಯ: 20ರ ಆಸುಪಾಸಿನಲ್ಲಿದ್ದರೆ ಬಹಳ ಒಳ್ಳೆಯದು, ಸೊನ್ನೆಗಿಂತ ಕೆಳಗಿದ್ದರೆ ಪೆಟ್ಟಿಗೆಯನ್ನು ಬೇರೆ ಟವರಿನ ಕಡೆಗೆ ತಿರುಗಿಸಿ ನೋಡಿ. ಹತ್ತಿರದ ಟವರೇ ಒಳ್ಳೆಯದು ಎಂಬ ನಂಬಿಕೆಯನ್ನು ಈ ಅಂಕಿಯೇ ಎಷ್ಟೋ ಸಲ ಸುಳ್ಳು ಮಾಡುತ್ತದೆ.

ಇಷ್ಟು ಮಾಡಿದರೂ ಟವರೇ ತುಂಬಿ ತುಳುಕುತ್ತಿದ್ದರೆ ಆಂಟೆನಾ ಒಂದು ಮಿತಿಯವರೆಗೆ ಮಾತ್ರ ಕಾಪಾಡೀತು. ಆಗ ಬೇರೆ ಕಂಪನಿಯ ಸಿಮ್ ಹಾಕಿ ಒಂದು ವಾರ ಸಂಜೆಗಳಲ್ಲಿ ಅಳೆಯುವುದು ಎಲ್ಲಕ್ಕಿಂತ ಅಗ್ಗದ ಪ್ರಯೋಗ. ಒಬ್ಬರ ಟವರ್ ತುಂಬಿದ್ದಲ್ಲಿ ಇನ್ನೊಬ್ಬರದು ಖಾಲಿ ಇರುವುದುಂಟು.

ರೇಡಿಯೊ ಲಿಂಕ್ ಬೇರೆಯೇ ಜಾತಿಯದು. ನಾಲ್ಕು ಕಿಲೋಮೀಟರ್ ದೂರದ ಕಂಬದಿಂದ ನಿಮ್ಮ ಚಾವಣಿಗೆ ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ನೇರ ಸಂಪರ್ಕ ಕೊಡುತ್ತಾರೆ. ಚೆನ್ನಾಗಿ ಹಾಕಿದ ಲಿಂಕ್ ಅಪ್‌ಲೋಡ್‌ನಲ್ಲಿ ಮೊಬೈಲನ್ನು ಸುಲಭವಾಗಿ ಹಿಂದಿಕ್ಕುತ್ತದೆ, ಏಕೆಂದರೆ ಎರಡೂ ತುದಿಯಲ್ಲಿ ಒಂದನ್ನೊಂದು ನೋಡುವ ಡಿಶ್‌ಗಳಿರುತ್ತವೆ. ಆದರೆ ‘ಕಂಬ ಕಣ್ಣಿಗೆ ಕಾಣುತ್ತದೆ’ ಎಂದರೆ ಸಾಲದು. ತರಂಗ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಹೋಗುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ನಾಲ್ಕು ಕಿಲೋಮೀಟರ್ ದಾರಿಯಲ್ಲಿ, ನಟ್ಟನಡುವೆ ಅದರ ತ್ರಿಜ್ಯ ಸುಮಾರು 7 ಮೀಟರ್, ಅದರಲ್ಲಿ ಕನಿಷ್ಠ ಶೇ 60 ಭಾಗ, ಅಂದರೆ ನಾಲ್ಕು ಮೀಟರಿಗೂ ತುಸು ಹೆಚ್ಚು, ಮರ ಕಟ್ಟಡಗಳಿಲ್ಲದೆ ತೆರವಾಗಿರಬೇಕು. ಬೇಸಿಗೆಯಲ್ಲಿ ಎಲೆ ಉದುರಿದಾಗ ಹಾಕಿದ ಲಿಂಕ್ ಮರ ಚಿಗುರಿದ ಮೇಲೆ ಸತ್ತಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಈ ತರಂಗಪಟ್ಟಿಗೂ ಹೆಚ್ಚಾಗಿ ಲೈಸೆನ್ಸ್ ಬೇಡವಾದ್ದರಿಂದ ನಾಳೆ ಪಕ್ಕದಲ್ಲಿ ಇನ್ನೊಬ್ಬರು ಅದೇ ಚಾನೆಲ್ಲಿನಲ್ಲಿ ಕಂಬ ನಿಲ್ಲಿಸಿದರೆ ಯಾರಿಗೂ ದೂರು ಕೊಡಲಾಗದು. ಕೊಡುವವರನ್ನು ಮೂರು ಪ್ರಶ್ನೆ ಕೇಳಿ: ಆ ಕಂಬಕ್ಕೆ ಹಿಂದಿನಿಂದ ಬರುವುದು ಫೈಬರೇ ಅಥವಾ ಇನ್ನೊಂದು ರೇಡಿಯೊ ಲಿಂಕೇ, ಒಂದು ಡಿಶ್ಶಿಗೆ ಎಷ್ಟು ಮನೆಗಳನ್ನು ಕಟ್ಟಿದ್ದಾರೆ, ವಿದ್ಯುತ್ ಹೋದಾಗ ಕಂಬ ಎಷ್ಟು ಹೊತ್ತು ಜೀವಂತವಿರುತ್ತದೆ. ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟರೆ, ನಿಮ್ಮ ಸ್ಥಿತಿಗೆ ಇದು ಬಹುಶಃ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ.

ಉಪಗ್ರಹದಲ್ಲಿ ಎರಡು ಬಗೆ, ಎರಡರ ನಡುವೆ ಆನೆ ಆಡಿನಷ್ಟು ವ್ಯತ್ಯಾಸ. ಹಳೆಯ ಬಗೆಯವು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಬೆಳಕಿನ ವೇಗದಲ್ಲಿ ಹೋದರೂ ಮೇಲೆ ಹೋಗಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡ್, ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕು. ಪಾಠದಲ್ಲಿ ಮಗು ಮತ್ತು ನೀವು ಒಟ್ಟಿಗೇ ಮಾತು ಶುರು ಮಾಡಿ, ಒಟ್ಟಿಗೇ ನಿಲ್ಲಿಸುತ್ತೀರಿ, ಇದನ್ನು ಯಾವ ಸಾಧನವೂ ಸರಿಪಡಿಸಲಾರದು. ಸ್ಟಾರ್‌ಲಿಂಕ್‌ನಂಥ ಹೊಸ ಬಗೆಯವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾಲುಸಾಲಾಗಿ ಸುತ್ತುತ್ತವೆ, ವಿಳಂಬ ಕೆಲವು ಹತ್ತು ಮಿಲಿಸೆಕೆಂಡುಗಳಿಗೆ ಇಳಿಯುತ್ತದೆ, ವಿಡಿಯೊ ಪಾಠ ಆರಾಮಾಗಿ ನಡೆಯುತ್ತದೆ. ನಿಮ್ಮ ಸ್ನೇಹಿತರು ಹಾಕಿಸಿಕೊಂಡಿರುವುದು ಯಾವುದೆಂದು ಕೇಳಿಕೊಳ್ಳಿ. ಡಿಶ್ಶಿಗೆ ಆಕಾಶದ ಅಗಲವಾದ ನೋಟ ಬೇಕು, ಒಂದು ಮರದ ಕೊಂಬೆ ಅಡ್ಡ ಬಂದರೂ ಕೆಲವು ನಿಮಿಷಗಳಿಗೊಮ್ಮೆ ಸಂಪರ್ಕ ಕ್ಷಣಕಾಲ ಕಡಿದುಹೋಗುತ್ತದೆ. ಜೋರು ಮಳೆಯಲ್ಲಿ ಸಿಗ್ನಲ್ ಕುಗ್ಗುತ್ತದೆ. ಫೋನಿನಂತಲ್ಲದೆ ಹಗಲಿರುಳು ಹತ್ತಾರು ವಾಟ್ ವಿದ್ಯುತ್ ಎಳೆಯುತ್ತದೆ. ಅಲ್ಲೂ ಒಂದು ಪ್ರದೇಶದ ಗ್ರಾಹಕರೆಲ್ಲ ಒಂದೇ ಕಿರಣವನ್ನು ಹಂಚಿಕೊಳ್ಳುತ್ತಾರೆ, ಅಂದರೆ ಸಂಜೆ ಏಳು ಗಂಟೆ ಅಲ್ಲಿಗೂ ಬರುತ್ತದೆ. ಬೇರೆ ಯಾವ ದಾರಿಯೂ ಇಲ್ಲದ ಮನೆಗೆ ಅದು ವರದಾನ. ನಿಮಗೆ ಬೇರೆ ದಾರಿಗಳಿವೆ.

ಯಾವ ಆಯ್ಕೆಯಾದರೂ ಡೇಟಾ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಹೋಗಲು 1.5, ಬರಲು 1.5 ಎಂಬಿಪಿಎಸ್ ಎಂದರೆ ಗಂಟೆಗೆ ಸುಮಾರು 1.35 ಗಿಗಾಬೈಟ್. ದಿನಕ್ಕೆ ಮೂರು ಗಂಟೆ ಪಾಠವಿದ್ದರೆ ನಾಲ್ಕು ಗಿಗಾಬೈಟ್ ಮುಟ್ಟುತ್ತದೆ. ‘ಅನಿಯಮಿತ’ ಎಂದು ಬರೆದ ಯೋಜನೆಗಳಲ್ಲಿ ಒಂದು ಮಿತಿ ದಾಟಿದೊಡನೆ ವೇಗ ಕುಗ್ಗಿಸುವ ನಿಯಮ ಸಣ್ಣ ಅಕ್ಷರದಲ್ಲಿ ಇರುವುದುಂಟು. ದಿನದ ಮಿತಿಯಿರುವ ಯೋಜನೆಯಾದರೆ ಅದು ಮುಗಿಯುವುದೂ ಸಾಮಾನ್ಯವಾಗಿ ಸಂಜೆಯೇ! ನಿಮ್ಮ ಯೋಜನೆಯಲ್ಲಿ ಹಾಗೆ ಆಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಎರಡು ವರ್ಷದ ತಲೆನೋವು ಒಂದು ಸಾಲಿನ ನಿಯಮದಲ್ಲಿ ಅಡಗಿರಬಹುದು.

ಉಳಿದದ್ದು ಗೇಟಿನ ಕ್ಯಾಮೆರಾ. ಅದು ಹೊರಗಿನಿಂದ ತೆರೆಯದಿರುವುದಕ್ಕೆ ವೇಗ ಕಾರಣವಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ (ಇಂಟರ್‌ನೆಟ್‌ನಲ್ಲಿನ ಗುರುತಿನ ಸಂಖ್ಯೆಯ) ಹಿಂದೆ ಕೂರಿಸುತ್ತವೆ, ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ನಿಮ್ಮ ಮನೆಯ ಬಾಗಿಲು ಇಂಥದ್ದೇ ಎಂದು ಹುಡುಕಿಕೊಂಡು ಬರಲಾಗದು. ರೂಟರ್ ಹಾಕಿಸಿದ ಮೇಲೆ ಅದರ ಪುಟದಲ್ಲಿ ವಾನ್ (WAN) ವಿಳಾಸ, ಅಂದರೆ ರೂಟರಿಗೆ ಹೊರಗಿನ ಜಾಲ ಕೊಟ್ಟ ಐಪಿ ವಿಳಾಸ, ನೋಡಿ. ಅದರಲ್ಲಿ ಮೊದಲ ಚುಕ್ಕೆಗೆ ಮುಂಚಿನ ಸಂಖ್ಯೆ 10 ಆಗಿದ್ದರೆ, ಅಥವಾ 100.64ರಿಂದ 100.127ರ ಒಳಗಿದ್ದರೆ ನೀವು ಅಂಥ ಸಾಲಿನಲ್ಲಿದ್ದೀರಿ ಎಂದರ್ಥ, ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ (ಹೊರಗಿನಿಂದ ಬಂದವರನ್ನು ಮನೆಯೊಳಗಿನ ಸಾಧನಕ್ಕೆ ಕಳಿಸುವ ರೂಟರಿನ ವ್ಯವಸ್ಥೆ) ಎಷ್ಟು ತಿಣುಕಿದರೂ ಫಲವಿಲ್ಲ. ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಹೂಡಿಕೊಂಡು, ನೀವು ಆ್ಯಪ್ ತೆರೆದಾಗ ಮಾತ್ರ ವಿಡಿಯೊ ಕಳಿಸುವ ಕ್ಯಾಮೆರಾ ತೆಗೆದುಕೊಳ್ಳಿ, ಇಲ್ಲವೇ ಸೇವೆ ಕೊಡುವವರಿಂದ ಸಾರ್ವಜನಿಕ ಐಪಿ ಕೇಳಿ ಪಡೆಯಿರಿ. ರೇಡಿಯೊ ಲಿಂಕ್ ಕೊಡುವವರನ್ನು ಕೇಳಬೇಕಾದ ಪ್ರಶ್ನೆಗಳಿಗೆ ಇದನ್ನು ನಾಲ್ಕನೆಯದಾಗಿ ಸೇರಿಸಿಕೊಳ್ಳಬಹುದು.